ಕಾರ್ಕ್‌ನ ಮುತ್ತಜ್ಜಿ, ಖಡ್ಕಿಯ ಸಮಾಧಿಕಲ್ಲು

ಪರವೂರಿನಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಮೊದಲ ಪ್ರಶ್ನೆ ‘ಯಾವೂರು ನಿಮ್ದು?’. ಧಾರವಾಡ ಅಂದರೆ ಸಾಲದು, ಧಾರವಾಡದ ಹತ್ತಿರ ಯಾವ ಹಳ್ಳಿ ಎಂಬುದು ಮುಂದಿನ ಪ್ರಶ್ನೆ. ಅದೂ ಗೊತ್ತಾದರೆ ಯಾವ ಓಣಿ, ಯಾರ ಮನೆ ಎನ್ನುವಲ್ಲಿಗೆ ಮಾತು ಹೋಗುತ್ತದೆ. ನಮ್ಮ ಮಕ್ಕಳು ಇದನ್ನು ಹಿರಿಯರ ಹರಟೆ ಎಂದು ನಗುತ್ತಾರೆ. ಆದರೆ ಊರಿನ ಹೆಸರೊಂದು ಕಳೆದುಹೋದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಐರ್ಲೆಂಡ್ ಮೂಲದ ಅಮೆರಿಕನ್ನರನ್ನು ಕೇಳಬೇಕು.

ಪುಣೆಯಲ್ಲಿ ನಾನು ಕೆಲಸ ಮಾಡುವ ತಂಡದ ಹಿರಿಯರೊಬ್ಬರು ಬಾಸ್ಟನ್‌ನಲ್ಲಿದ್ದಾರೆ. ಎರಡು ವರ್ಷಗಳಿಂದ ಅವರು ತಮ್ಮ ಮುತ್ತಜ್ಜಿಯ ಊರನ್ನು ಹುಡುಕುತ್ತಿದ್ದರು. ಅವರ ಕೈಯಲ್ಲಿದ್ದದ್ದು ಮೂರೇ ಸಂಗತಿ: ಸಲಿವನ್ ಎಂಬ ಮನೆತನದ ಹೆಸರು, ಕಾರ್ಕ್ ಎಂಬ ಜಿಲ್ಲೆ ಮತ್ತು ಒಂದು ಹಳೆಯ ಕಾಗದದಲ್ಲಿ ಹೆಸರಿನ ಪಕ್ಕ ಬರೆದಿದ್ದ ‘ಬಾನ್’ ಎಂಬ ಪದ. ಕಾರ್ಕ್‌ನ ಪಶ್ಚಿಮ ಭಾಗದಲ್ಲಿ ಸಲಿವನ್ ಎಂದು ಹುಡುಕುವುದೆಂದರೆ ನಮ್ಮ ಕಡೆ ಪಾಟೀಲ ಎಂದು ಹುಡುಕಿದ ಹಾಗೆ. ಐರ್ಲೆಂಡಿನಲ್ಲಿ ನಮ್ಮ ಮಜರೆಯಂಥ ‘ಟೌನ್‌ಲ್ಯಾಂಡ್’ಗಳು ಅರವತ್ತು ಸಾವಿರಕ್ಕೂ ಹೆಚ್ಚಿವೆ. ಅದರ ಹೆಸರು ಗೊತ್ತಿಲ್ಲದವನಿಗೆ ದಾಖಲೆಗಳ ರಾಶಿ ಇದ್ದೂ ಇಲ್ಲದಂತೆ.

ಅಲ್ಲಿನ ರಾಶಿಯಲ್ಲೂ ದೊಡ್ಡ ತೂತಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಭವನ ಸ್ಫೋಟ ಮತ್ತು ಬೆಂಕಿಗೆ ಬಲಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಅಲ್ಲೇ ಬೂದಿಯಾಯಿತು. ಐರ್ಲೆಂಡ್ ಚರ್ಚಿನ ಅರ್ಧಕ್ಕೂ ಹೆಚ್ಚು ರಿಜಿಸ್ಟರುಗಳೂ ಹೋದವು. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಅದಕ್ಕೆ ಬಹಳ ಮೊದಲೇ ಸರ್ಕಾರವೇ ನಾಶ ಮಾಡಿತ್ತು, 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿದ್ದವು. 1845ರ ನಂತರದ ಮಹಾ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟಕ್ಕೂ ಹೆಚ್ಚು ಜನ ಹಡಗು ಹತ್ತಿದ ದೇಶ ಅದು. ಯಾರ ಹೆಸರು ಹೆಚ್ಚು ಬೇಕಿತ್ತೋ ಆ ತಲೆಮಾರಿನ ಲೆಕ್ಕವೇ ಉಳಿಯಲಿಲ್ಲ.

ಹಾಗಾದರೆ ಜನ ಹುಡುಕುವುದು ಹೇಗೆ? ಇಲ್ಲಿಂದ ಮುಂದಿನದು ನನಗೆ ಬಹಳ ಹಿಡಿಸಿದ ಕತೆ. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನ, ಮದುವೆಯ ಪುಸ್ತಕಗಳು ಆಯಾ ಊರಲ್ಲೇ ಇದ್ದುದರಿಂದ ಬೆಂಕಿಯಿಂದ ಪಾರಾದವು. 2015ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳ ಚಿತ್ರಗಳನ್ನು ಪುಕ್ಕಟೆಯಾಗಿ ಅಂತರ್ಜಾಲಕ್ಕೆ ಹಾಕಿತು. 1901 ಮತ್ತು 1911ರ ಗಣತಿಯೂ ಪುಕ್ಕಟೆ. 1864ರಿಂದ ಎಲ್ಲರ ಜನನ, ಮದುವೆ, ಮರಣಗಳು ನೋಂದಣಿಯಾಗಿವೆ. ಬದುಕಿರುವವರ ಖಾಸಗಿತನ ಉಳಿಯಲೆಂದು ಜನನಕ್ಕೆ ನೂರು, ಮದುವೆಗೆ ಎಪ್ಪತ್ತೈದು, ಮರಣಕ್ಕೆ ಐವತ್ತು ವರ್ಷ ಕಳೆದ ಮೇಲೆ ಅವೂ ಎಲ್ಲರಿಗೂ ತೆರೆದುಕೊಳ್ಳುತ್ತವೆ. 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಎಂಬ ಅಧಿಕಾರಿಯ ಭೂಮಾಪನವಿದೆ. ನಮ್ಮ ಪಹಣಿಯನ್ನು ನೆನಪಿಸುವ ಪುಸ್ತಕ ಅದು: ಜಮೀನು ಯಾರ ಕೈಯಲ್ಲಿದೆ, ಗೇಣಿ ಯಾರಿಗೆ, ವಿಸ್ತೀರ್ಣವೆಷ್ಟು, ಬೆಲೆ ಎಷ್ಟು.

ಆದರೆ ದಾಖಲೆ ತೆರೆದಿಟ್ಟ ಮಾತ್ರಕ್ಕೆ ಅದು ಓದಲು ಬರುವುದಿಲ್ಲ. 1901ರಲ್ಲಿ ಐವತ್ತೈದು ವರ್ಷವಿದ್ದ ರೈತ 1911ರಲ್ಲಿ ಎಪ್ಪತ್ತು ವರ್ಷದವನಾಗಿರುತ್ತಾನೆ. ಕಾರಣ 1908ರ ವೃದ್ಧಾಪ್ಯ ವೇತನದ ಕಾನೂನು. ಎಪ್ಪತ್ತು ತುಂಬಿದವರಿಗೆ 1909ರ ಜನವರಿಯಿಂದ ಪಿಂಚಣಿ ಶುರುವಾಯಿತು. ಆ ವಯಸ್ಸಿನವರಿಗೆ ಜನನ ಪತ್ರವಿರಲಿಲ್ಲ. ಹೀಗಾಗಿ ಅಧಿಕಾರಿಗಳು 1841 ಮತ್ತು 1851ರ ಗಣತಿಯಲ್ಲಿ ಅರ್ಜಿದಾರರ ಹೆಸರು ಹುಡುಕಿ ಟಿಪ್ಪಣಿ ಬರೆದರು. ಗಣತಿ ಸುಟ್ಟುಹೋಯಿತು, ಆ ಟಿಪ್ಪಣಿಗಳು ಉಳಿದವು! ಇಂಥ ಒಳದಾರಿಗಳನ್ನು ಹೇಳಿಕೊಡುವವರು ಮೊದಲೇ ಆ ದಾರಿಯಲ್ಲಿ ನಡೆದ ಬೇರೆ ಹುಡುಕಾಟಗಾರರು.

ನಮ್ಮ ಬಾಸ್ಟನ್ ಹಿರಿಯರಿಗೆ ಸಿಕ್ಕವರು ಪಶ್ಚಿಮ ಕಾರ್ಕ್‌ನ ಒಬ್ಬ ನಿವೃತ್ತ ಶಿಕ್ಷಕಿ. ‘ಬಾನ್’ ಎಂದರೆ ಐರಿಷ್ ಭಾಷೆಯಲ್ಲಿ ಬಿಳಿ, ಅಂದರೆ ಬಿಳಿಕೂದಲಿನವರ ಕವಲು ಎಂದು ಆಕೆ ಬಿಡಿಸಿ ಹೇಳಿದರು. ಒಂದೇ ಹೆಸರಿನ ಹತ್ತಾರು ಮನೆಗಳಿದ್ದಲ್ಲಿ ಗುರುತಿಗೆ ಇಂಥ ಅಡ್ಡಹೆಸರು ಸೇರಿಸುವುದು ಅಲ್ಲಿನ ರೂಢಿ, ಭೂಮಾಪನದ ಪುಸ್ತಕದಲ್ಲೂ ಹಾಗೇ ಬರೆದಿರುತ್ತದಂತೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ನನಗೆ ಇದನ್ನು ವಿವರಿಸಬೇಕಾಗಲಿಲ್ಲ. ಅಲ್ಲಿಂದ ಮುಂದೆ ದೀಕ್ಷಾಸ್ನಾನದ ದಾಖಲೆ, ಅದರಲ್ಲಿ ಸಾಕ್ಷಿ ನಿಂತ ಬಂಧುಗಳ ಹೆಸರು, ಕೊನೆಗೆ ಒಂದು ಟೌನ್‌ಲ್ಯಾಂಡ್. ಆ ಶಿಕ್ಷಕಿ ಒಂದು ಪೈಸೆ ಕೇಳಲಿಲ್ಲ. ನೀವೂ ಇನ್ನೊಬ್ಬರಿಗೆ ಹುಡುಕಿಕೊಡಿ ಎಂದಷ್ಟೇ ಹೇಳಿದರಂತೆ.

ಇದು ಹೊಸ ಸಂಪ್ರದಾಯವೇನಲ್ಲ. ಬಾಸ್ಟನ್‌ನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ, ತೊಂಬತ್ತು ವರ್ಷ, ಕಾಣೆಯಾದ ಬಂಧುಗಳನ್ನು ಹುಡುಕುವ ಐರಿಷ್ ಜನರ ಜಾಹೀರಾತುಗಳನ್ನು ಅಚ್ಚು ಮಾಡಿತು. ತಮ್ಮ ಇಂಥ ವರ್ಷ ಬಂದಿಳಿದ, ಇಂಥ ಊರಿನವನು, ಯಾರಾದರೂ ಕಂಡಿರಾ ಎಂಬ ಬಗೆಯ ಸಾಲುಗಳು. ಅಂದು ಬದುಕಿರುವವರನ್ನು ಹುಡುಕಲು ಬರೆದದ್ದು ಇಂದು ಸತ್ತವರನ್ನು ಹುಡುಕುವವರಿಗೆ ದಾರಿದೀಪ, ಏಕೆಂದರೆ ಅದರಲ್ಲಿ ಊರಿನ ಹೆಸರಿದೆ.

ಒಬ್ಬರೇ ಕೂತು ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಆ್ಯನಿ ಮೂರ್ ಎಂಬ ಹುಡುಗಿಯ ಉದಾಹರಣೆ ಸಾಕು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ಬಾಗಿಲು ತೆರೆದಾಗ ಮೊದಲು ಒಳಗೆ ಬಂದವಳು ಕಾರ್ಕ್‌ನ ಈ ಹುಡುಗಿ, ಜೊತೆಗೆ ಇಬ್ಬರು ತಮ್ಮಂದಿರು. ಅವಳು ಮುಂದೆ ಟೆಕ್ಸಾಸ್‌ಗೆ ಹೋಗಿ ಅಲ್ಲೇ ಸತ್ತಳು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಟೆಕ್ಸಾಸ್‌ನವಳು ಅಮೆರಿಕದಲ್ಲೇ ಹುಟ್ಟಿದ ಬೇರೊಬ್ಬಳು ಎಂದು ಕಂಡುಕೊಂಡವರು ಸಂಶೋಧಕಿ ಮೆಗನ್ ಸ್ಮೊಲೆನ್ಯಾಕ್. 2006ರಲ್ಲಿ ಅವರು ಸಾವಿರ ಡಾಲರ್ ಬಹುಮಾನ ಘೋಷಿಸಿ ಇತರ ಹುಡುಕಾಟಗಾರರ ನೆರವು ಕೇಳಿದರು. ಕೆಲವೇ ವಾರಗಳಲ್ಲಿ, ನ್ಯೂಯಾರ್ಕ್ ನಗರ ದಾಖಲೆ ವಿಭಾಗದ ಬ್ರಯಾನ್ ಆ್ಯಂಡರ್ಸನ್ ಅವರ ಸಹಾಯದಿಂದ, ತಮ್ಮನೊಬ್ಬನ ಪೌರತ್ವದ ಕಾಗದ ಹಿಡಿದು ನಿಜವಾದ ಆ್ಯನಿ ಸಿಕ್ಕಳು. ಅವಳು ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಬಡವರ ಕೇರಿಯಲ್ಲಿ ಸಂಸಾರ ಮಾಡಿ, 1924ರಲ್ಲಿ ತೀರಿಕೊಂಡು, ಹೆಸರಿಲ್ಲದ ಗುಂಡಿಯಲ್ಲಿ ಮಲಗಿದ್ದಳು. 2008ರಲ್ಲಿ ಅಲ್ಲಿ ಕಲ್ಲು ನೆಟ್ಟರು.

ಇದೆಲ್ಲ ನಮಗೇಕೆ ಎಂದು ಕೇಳಬಹುದು. ವಂಶ ಹುಡುಕುವ ಮಾತು ಬಂದರೆ ನನಗೂ ಸ್ವಲ್ಪ ಅಳುಕು. ನಮ್ಮಲ್ಲಿ ಅದು ಬಹುಬೇಗ ಜಾತಿಯ ಹೆಮ್ಮೆಯಾಗುತ್ತದೆ, ಎಲ್ಲರಿಗೂ ಯಾವುದೋ ಅರಮನೆಯ ದಿವಾನರೇ ಪೂರ್ವಜರಾಗಿ ಬೇಕು. ಐರ್ಲೆಂಡಿನ ಹುಡುಕಾಟದ ಸೊಗಸು ಅದರ ಬಡತನದಲ್ಲಿದೆ. ಅಲ್ಲಿ ಬಹುತೇಕರಿಗೆ ಸಿಗುವುದು ಗೇಣಿದಾರ, ಕೂಲಿಯವನು, ಅನಾಥಾಲಯದಂಥ ವರ್ಕ್‌ಹೌಸಿನ ಒಂದು ಸಾಲು. ಬಾಸ್ಟನ್ ಹಿರಿಯರಿಗೆ ಸಿಕ್ಕದ್ದೂ ಕೆಲವೇ ಎಕರೆ ಗೇಣಿ ಜಮೀನಿನ ಒಬ್ಬ ರೈತ. ಅದನ್ನು ಅವರು ತಂಡದ ಸಭೆಯಲ್ಲಿ ಸಂಭ್ರಮದಿಂದ ಹೇಳಿಕೊಂಡರು. ದೊಡ್ಡವರನ್ನು ಹುಡುಕಲು ಯಾರ ಸಹಾಯವೂ ಬೇಡ, ಅವರ ಹೆಸರು ಶಾಸನದಲ್ಲೇ ಇರುತ್ತದೆ. ಸಾಮಾನ್ಯರು ಸಿಗಬೇಕಾದರೆ ಮಾತ್ರ ಹತ್ತು ಕೈ ಸೇರಬೇಕು.

ಆ ಹತ್ತು ಕೈಗಳಲ್ಲಿ ನಮ್ಮದೂ ಒಂದಿರಬೇಕು ಎಂಬುದೇ ನನ್ನ ವಾದ. ಕಂಪನಿ ಸರ್ಕಾರದ ಮತ್ತು ಬ್ರಿಟಿಷ್ ಸೈನ್ಯದಲ್ಲಿ ಐರಿಷ್ ಸಿಪಾಯಿಗಳು ಸಾಲುಸಾಲಾಗಿ ಬಂದರು. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವೆಲ್ಲೆಸ್ಲಿ ಹುಟ್ಟಿದ್ದೂ ಐರ್ಲೆಂಡಿನಲ್ಲೇ. ಆ ಸಿಪಾಯಿಗಳ ಮಕ್ಕಳು ದಂಡುಪ್ರದೇಶಗಳಲ್ಲಿ ಹುಟ್ಟಿದರು, ಅನೇಕರು ಅಲ್ಲೇ ಮಣ್ಣಾದರು. ಚರ್ಚಿನ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ‘ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ’ಯ ಸ್ವಯಂಸೇವಕರು ಅಂಥ ದಾಖಲೆಗಳ ಹೆಸರುಗಳನ್ನು ಪಟ್ಟಿ ಮಾಡುತ್ತಿದ್ದಾರೆ. ಆದರೆ ಸಮಾಧಿಯ ಕಲ್ಲು ಇರುವುದು ಬೆಂಗಳೂರು ದಂಡು, ಬಳ್ಳಾರಿ, ಬೆಳಗಾವಿಯಲ್ಲಿ. ಪುಣೆಯ ಖಡ್ಕಿ, ಸಿಕಂದರಾಬಾದ್, ಚೆನ್ನೈನ ಪರಂಗಿಮಲೆಯಲ್ಲಿ. ನಾವು ದಿನಾ ಬಸ್ಸು, ಲೋಕಲ್ ರೈಲು ಹತ್ತುವ ಜಾಗಗಳ ಪಕ್ಕದಲ್ಲೇ. ಆಸ್ಟ್ರೇಲಿಯಾದಿಂದಲೋ ಅಮೆರಿಕದಿಂದಲೋ ಒಬ್ಬರು ಆ ಕಲ್ಲಿನ ಫೋಟೊ ಕೇಳಿದರೆ ನಮಗೆ ಅದು ಒಂದು ಭಾನುವಾರದ ಬೆಳಗು, ಅವರಿಗೆ ಒಂದು ಇಡೀ ತಲೆಮಾರು. ಈ ಊರಿನಲ್ಲಿ ನಮ್ಮನ್ನು ಇನ್ನೂ ಹೊರಗಿನವರು ಅನ್ನುತ್ತಾರೆ, ಇರಲಿ. ದೂರದಲ್ಲಿ ಕೂತು ಹುಡುಕುವವರ ಪಾಲಿಗೆ ಸ್ಥಳೀಯರು ನಾವೇ.

ಅವರಿಂದ ನಾವು ಕಲಿಯಬೇಕಾದದ್ದೂ ಇದೆ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನೊಡನೆ ಮನೆಗೆ ಬಂದು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಪುಣೆಯ ಅಪಾರ್ಟ್‌ಮೆಂಟಿನ ಎಂಟನೆಯ ಮಹಡಿಗೆ ಯಾವ ಹೆಳವ ಬರುತ್ತಾನೆ? ನಾಸಿಕದ ಪುರೋಹಿತರ ವಹಿಗಳಲ್ಲಿ ನಮ್ಮ ಅಜ್ಜಂದಿರ ಸಹಿ ಇರಬಹುದು, ಅದನ್ನು ನೋಡಲು ಊರು, ಮನೆತನ ಎರಡೂ ಹೇಳಬೇಕು. ನಮ್ಮ ಮಕ್ಕಳಿಗೆ ‘ಕರ್ನಾಟಕ’ ಎಂಬಷ್ಟೇ ಗೊತ್ತು. ಅವರ ಮಕ್ಕಳಿಗೆ ‘ಇಂಡಿಯಾ’ ಎಂದಷ್ಟೇ ಗೊತ್ತಿರುತ್ತದೆ. ಬಾಸ್ಟನ್ ಹಿರಿಯರಿಗೆ ಉಳಿದದ್ದು ‘ಕಾರ್ಕ್’ ಎಂಬ ಒಂದು ಪದ.

ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ನಾಲ್ಕು ತಲೆಮಾರಿನ ಹೆಸರು ಬರೆದುಕೊಳ್ಳಿ. ಹೆಣ್ಣುಮಕ್ಕಳ ತವರಿನ ಹೆಸರು ಮೊದಲು ಬರೆಯಿರಿ, ಮೊದಲು ಮರೆತುಹೋಗುವುದು ಅದೇ. ಹಳ್ಳಿ, ಓಣಿ, ಹೊಲದ ಹೆಸರು, ಯಾವ ವರ್ಷದ ಬರಗಾಲಕ್ಕೆ ಯಾರು ಮುಂಬೈಗೆ ಹೋದರು ಎಂಬುದನ್ನೂ ಸೇರಿಸಿ. ಸರ್ಕಾರವನ್ನೂ ಕೇಳೋಣ: ನೂರು ವರ್ಷ ದಾಟಿದ ಜನನ ಮರಣದ ಪುಸ್ತಕಗಳನ್ನು ಚಿತ್ರ ತೆಗೆದು ಎಲ್ಲರಿಗೂ ಬಿಟ್ಟುಕೊಡಲಿ. ದಾಖಲೆ ಸುಟ್ಟುಕೊಂಡ ದೇಶವೊಂದು ಉಳಿದದ್ದನ್ನೆಲ್ಲ ಹೀಗೆ ಹಂಚಬಲ್ಲುದಾದರೆ ನಮ್ಮಿಂದ ಏಕಾಗದು? ಅಷ್ಟರೊಳಗೆ ಗೆದ್ದಲು ತಿನ್ನದಿದ್ದರೆ ಸಾಕು.