ಕಿವಿ ಕೇಳದವನಿಗೂ ಲೈಸೆನ್ಸ್ ಹಕ್ಕೇ, ಯಾರ ಉಪಕಾರವೂ ಅಲ್ಲ



ತಿಕೋಟಾ ಕಡೆಯ ನಮ್ಮ ಕೇರಿಯ ಹುಡುಗನೊಬ್ಬ. ಹುಟ್ಟಿನಿಂದ ಕಿವಿ ಕೇಳಂಗಿಲ್ಲ. ದ್ರಾಕ್ಷಿ ತೋಟದಾಗ ಕೂಲಿ. ದ್ರಾಕ್ಷಿ ಸಾಗಿಸೋ ಸಣ್ಣ ಗಾಡಿ ಓಡಿಸಿ ನಾಲ್ಕು ಕಾಸು ಹೆಚ್ಚು ದುಡೀಬೇಕು ಅನ್ನೋದು ಅವನ ಆಸೆ. ಏಜೆಂಟ್ ಹೇಳಿದ್ದೇನು? "ಫಾರ್ಮಿನ್ಯಾಗ ಕಿವಿ ಕೇಳಸ್ತಾವ ಅಂತ ಬರೀರಿ, ಉಳಿದದ್ದು ನಾ ನೋಡ್ಕೋತೀನಿ." ರೇಟು ಮಾತ್ರ ಮೂರು ಪಟ್ಟು. ಅವನ ತಾಯಿ ನನ್ನ ಕೇಳಿದಳು: "ಯಪ್ಪಾ, ಸುಳ್ಳ ಬರದು ನಾಳೆ ಏನರ ಆದ್ರ ಯಾರು ಬರ್ತಾರ?"

ಆ ತಾಯಿ ಕೇಳಿದ್ದು ಸರಿ. ನಮೂನೆ 1ರಲ್ಲಿ ಕಿವಿಯ ಬಗ್ಗೆ ನೇರ ಪ್ರಶ್ನೆ ಇದೆ. ಅಲ್ಲಿ ಸುಳ್ಳು ಬರೆದು ಸಹಿ ಹಾಕಿದರೆ, ಅಪಘಾತವಾದ ದಿನ ಏಜೆಂಟ್ ಸಿಗೋದಿಲ್ಲ. ಸಿಕ್ಕಿಬೀಳೋದು ನಮ್ಮ ಹುಡುಗ.

ಸುಳ್ಳಿನ ಅಗತ್ಯವೇ ಇಲ್ಲ. ಕಿವುಡರ ರಾಷ್ಟ್ರೀಯ ಸಂಘ ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2011ರಲ್ಲೇ ಹೇಳಿತು: ಪರೀಕ್ಷೆ ಪಾಸಾದರೆ ಕಿವುಡರಿಗೂ ಲೈಸೆನ್ಸ್ ಕೊಡಬೇಕು. 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಏಮ್ಸ್ ತಜ್ಞರ ಅಭಿಪ್ರಾಯ ಪಡೆದು ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು: ಗಾಡಿ ಓಡಿಸೋದು ಮುಖ್ಯವಾಗಿ ಕಣ್ಣಿನ ಕೆಲಸ. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ. ಅಂದ್ರ ಈ ಲೈಸೆನ್ಸ್ ಬರೀ ಕಾರ್ಡಲ್ಲ, ಕೂಲಿಯಿಂದ ಹೊರಬರೋ ದಾರಿ.

"ಹಾರ್ನ್ ಕೇಳಲಿಲ್ಲಂದ್ರ ಹೆಂಗ?" ಅಂತ ಕೇಳ್ತಾರೆ. ವಿಜಯಪುರದ ರೋಡಿನ್ಯಾಗ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬೈಕ್ ಹೊಡೆಯೋವ್ರನ್ನ, ಕಾಜು ಏರಿಸಿ ಹಾಡು ಹಚ್ಚಿಕೊಂಡು ಹೋಗೋವ್ರನ್ನ ಈ ಪ್ರಶ್ನೆ ಯಾರೂ ಕೇಳೋದಿಲ್ಲ. ಕಿವಿ ಕೇಳದವನು ಕನ್ನಡಿ ನೋಡ್ತಾನ, ಹಿಂದ ಮುಂದ ನೋಡ್ತಾನ. ಅನುಮಾನ ಇದ್ರ ಟ್ರ್ಯಾಕ್ ಮೇಲೆ ಪರೀಕ್ಷೆ ಮಾಡ್ರಿ. ಕೌಂಟರ್‌ನಲ್ಲೇ ಫೇಲ್ ಮಾಡಬ್ಯಾಡ್ರಿ.

ತಿಕೋಟಾ, ಬಬಲೇಶ್ವರದ ಕಾರ್ಯಕರ್ತರಿಗೆ ನನ್ನ ಮನವಿ. ಇಂಥ ಹುಡುಗ ಹುಡುಗಿಯರ ಜೊತೆ ಆರ್‌ಟಿಓ ಕಚೇರಿಗೆ ನೀವೇ ಹೋಗ್ರಿ. ಯುಡಿಐಡಿ ಕಾರ್ಡ್, 2016ರ ಪತ್ರದ ಪ್ರತಿ ಕೈಯಾಗಿರಲಿ. ಫಾರ್ಮಿನಲ್ಲಿ ಇದ್ದದ್ದನ್ನೇ ಬರೆಯಿರಿ. ಯಾರಾದರೂ ಬಾಯಿಮಾತಿನಲ್ಲಿ "ಆಗಂಗಿಲ್ಲ" ಅಂದ್ರ ಎದ್ದು ಬರಬ್ಯಾಡ್ರಿ, ಕಾರಣ ಬರೆದು ಕೊಡ್ರಿ ಅನ್ರಿ. ಮೋಟಾರು ವಾಹನ ಕಾಯ್ದೆಯ ಕಲಂ 17ರಂತೆ ಆ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಬಾಯಿಮಾತಿನ ಮೇಲೆ ಹಾಕಲಿಕ್ಕೆ ಬರೋದಿಲ್ಲ.

ಇನ್ನೊಂದು ಬೇಡಿಕೆ ನಾವೆಲ್ಲ ಸೇರಿ ಇಡಬೇಕು: ಎಲ್‌ಎಲ್ ಪರೀಕ್ಷೆಗೆ ಸಂಜ್ಞಾ ಭಾಷೆ ಬಲ್ಲವರು ಬೇಕು. ಶಾಲೆ ಅರ್ಧಕ್ಕೆ ಬಿಟ್ಟ ಕಿವುಡ ಹುಡುಗನಿಗೆ ಕಂಪ್ಯೂಟರಿನ ಮೇಲಿನ ಅಕ್ಷರವೇ ಮೊದಲ ಗೋಡೆ.

ಬಾಬಾಸಾಹೇಬರು ನಮಗೆ ಕೊಟ್ಟದ್ದು ಹಕ್ಕು. ಅದನ್ನು ಏಜೆಂಟನ ಹತ್ತಿರ ದುಡ್ಡು ಕೊಟ್ಟು ಕೊಳ್ಳೋದು ಬ್ಯಾಡ.

ಜೈ ಭೀಮ್.