ತಾತನ ಪದಪೆಟ್ಟಿಗೆ: ಕಾರ್ಖಾನೆಯ ಇಂಗ್ಲಿಷು

ಮೊನ್ನೆ ಭಾನುವಾರ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಎಂಟನೇ ಕ್ಲಾಸಿನ ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದಳು. "ತಾತ, ಬರುವ ವಾರ ಸ್ಕೂಲಿನಿಂದ ಒಂದು ಫ್ಯಾಕ್ಟರಿ ನೋಡಲು ಹೋಗ್ತೀವಿ. ಅಲ್ಲಿಯ ಇಂಗ್ಲಿಷ್ ಪದಗಳನ್ನು ಹೇಳಿಕೊಡು" ಎಂದಳು.

ನಾನು ಕೌಂಟರಿನ ಹಿಂದೆ ಕೂತು ನೋಟು ಎಣಿಸಿದವನು, ಯಂತ್ರ ಮುಟ್ಟಿದವನಲ್ಲ. ಆದರೆ ನಮ್ಮ ಬ್ಯಾಂಕಿನ ಶಾಖೆ ಇದ್ದದ್ದು ಬೆಂಗಳೂರಿನ ಒಂದು ಕೈಗಾರಿಕಾ ಪ್ರದೇಶದಲ್ಲಿ. ಸಂಬಳದ ದಿನ ಬಾಗಿಲಾಚೆಗೂ ಸಾಲು ನಿಲ್ಲುತ್ತಿತ್ತು. ಪಾಸ್‌ಬುಕ್ಕಿಗೆಲ್ಲ ಗ್ರೀಸಿನ ಗುರುತು. ಆ ಸಾಲಿನ ಮಾತು ಕೇಳಿ ಕೇಳಿಯೇ ನನಗೆ ಕಾರ್ಖಾನೆಯ ಇಂಗ್ಲಿಷು ಬಂತು. ಅದನ್ನೇ ಅವಳಿಗೆ ಹೇಳಿದೆ. ನೀವೂ ಬರೆದುಕೊಳ್ಳಿ ಮಕ್ಕಳೇ.

ಮೊದಲನೆಯದು ಶಿಫ್ಟು, ಅಂದರೆ ಕೆಲಸದ ಪಾಳಿ. ಅನೇಕ ಕಾರ್ಖಾನೆಗಳಲ್ಲಿ ಬೆಳಗ್ಗೆ ಆರಕ್ಕೆ ಒಂದು, ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಹತ್ತಕ್ಕೆ ಒಂದು. ಪಾಳಿ ಮುಗಿದ ಮೇಲೂ ದುಡಿದರೆ ಓವರ್‌ಟೈಮು, ಎಲ್ಲರ ಬಾಯಲ್ಲಿ ಓಟಿ. 1948ರ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ಆ ಹೆಚ್ಚಿನ ಹೊತ್ತಿಗೆ ಎರಡರಷ್ಟು ಕೂಲಿ ಕೊಡಬೇಕಿತ್ತು. ಆದ್ದರಿಂದ ಓಟಿ ಎಂಬ ಎರಡು ಅಕ್ಷರದ ಮೇಲೆ ಎಷ್ಟೋ ಮನೆಗಳ ಸ್ಕೂಲ್ ಫೀಸು ನಿಂತಿರುತ್ತಿತ್ತು.

ಲೇತ್ ಎಂಬ ಯಂತ್ರದಲ್ಲಿ ಕಬ್ಬಿಣದ ತುಂಡನ್ನು ಗಿರ್ರನೆ ತಿರುಗಿಸಿ ಕೆತ್ತುವವನು ಟರ್ನರ್. ಭಾಗಗಳನ್ನು ಅರದಿಂದ ಉಜ್ಜಿ, ಒಂದಕ್ಕೊಂದು ಹೊಂದುವಂತೆ ಕೂಡಿಸುವವನು ಫಿಟ್ಟರ್. ಅವರ ಬಾಯಲ್ಲಿ 'ಜಾಬ್' ಎಂದರೆ ಉದ್ಯೋಗವಲ್ಲ, ಯಂತ್ರಕ್ಕೆ ಕಟ್ಟಿರುವ ಆ ಲೋಹದ ತುಂಡು. "ಜಾಬ್ ಕೆಟ್ಟುಹೋಯ್ತು" ಎಂದು ಒಬ್ಬರು ಹೇಳಿದಾಗ, ಪಾಪ, ಕೆಲಸ ಹೋಯಿತೇನೋ ಎಂದು ನಾನು ಮರುಗಿದ್ದೆ. 'ಡೈ' ಎಂದರೂ ಸಾವಲ್ಲ, ಲೋಹಕ್ಕೆ ಆಕಾರ ಕೊಡುವ ಅಚ್ಚು.

ಇನ್ನು ಕಾರ್ಖಾನೆಯೊಳಗೆ ಒಂದು ಮೃಗಾಲಯವೇ ಇದೆ. ಭಾರ ಎತ್ತುವ ಕ್ರೇನಿಗೆ ಆ ಹೆಸರು ಬಂದದ್ದು ಉದ್ದ ಕತ್ತಿನ ಕ್ರೇನ್ ಹಕ್ಕಿಯಿಂದ. ತಿರುಪಿನ ಆಕಾರದ ಹಲ್ಲಿನ ಗಾಲಿ ವರ್ಮ್, ಎಂದರೆ ಹುಳು. ಕೊಳವೆಯೊಳಗೆ ರೆಕ್ಕೆಯಂತೆ ತಿರುಗುವ ಬಿಲ್ಲೆ ಬಟರ್‌ಫ್ಲೈ ವಾಲ್ವ್, ಎಂದರೆ ಚಿಟ್ಟೆ. ಪಿಗ್ ಐರನ್ ಹಂದಿ! ಹಿಂದೆ ಕುಲುಮೆಯಿಂದ ಹರಿಯುವ ಕರಗಿದ ಕಬ್ಬಿಣವನ್ನು ಮರಳಿನಲ್ಲಿ ತೋಡಿದ ಉದ್ದ ಕಾಲುವೆಗೆ, ಅದರಿಂದ ಪಕ್ಕದ ಸಣ್ಣ ಸಣ್ಣ ಗುಂಡಿಗಳಿಗೆ ಬಿಡುತ್ತಿದ್ದರು. ಮೇಲಿನಿಂದ ನೋಡಿದರೆ ಮಲಗಿದ ತಾಯಿಹಂದಿಯ ಹಾಲು ಕುಡಿಯುವ ಮರಿಗಳ ಸಾಲಿನಂತೆ ಕಾಣುತ್ತಿತ್ತು. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಇದ್ದಿಲಿನ ಉರಿಯಲ್ಲಿ ತಯಾರಾದದ್ದು ಇದೇ ಪಿಗ್ ಐರನ್.

ಮೊಮ್ಮಗಳು ನಕ್ಕೂ ನಕ್ಕೂ ಬರೆದುಕೊಂಡಳು. ಆಮೇಲೆ, "ತಾತ, ಇನ್‌ಫ್ಲೇಮಬಲ್ ಅಂದ್ರೆ?" ಎಂದಳು.

ನನ್ನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು.

1979ರ ಮಾತು. ನನ್ನ ತಮ್ಮ ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದ್ದ. ಒಂದು ರಾತ್ರಿ ಊಟಕ್ಕೆ ಕೂತಾಗ, ಬಣ್ಣದ ಥಿನ್ನರ್ ಡ್ರಮ್ಮಿನ ಮೇಲೆ ಬರೆದಿದ್ದ ಆ ಪದದ ಅರ್ಥ ಕೇಳಿದ. ನಾನು ಬಿಕಾಂ ಮಾಡಿದವನು, ಮನೆಗೆಲ್ಲ ದೊಡ್ಡ ಇಂಗ್ಲಿಷ್ ಪಂಡಿತ. ಗೂಡಿನಲ್ಲಿ ನಿಘಂಟು ಇತ್ತು. ಎದ್ದು ತೆಗೆಯಲಿಲ್ಲ. "ಇನ್‌ಕರೆಕ್ಟ್ ಅಂದ್ರೆ ಸರಿಯಲ್ಲ. ಹಾಗೇ ಇನ್‌ಫ್ಲೇಮಬಲ್ ಅಂದ್ರೆ ಬೆಂಕಿ ಹತ್ತಲ್ಲ" ಎಂದು ಠೀವಿಯಿಂದ ಹೇಳಿಬಿಟ್ಟೆ.

ಅರ್ಥ ಪೂರ್ತಿ ಉಲ್ಟಾ. ಇಲ್ಲಿ 'ಇನ್' ಎಂದರೆ 'ಅಲ್ಲ' ಎಂದಲ್ಲ, 'ಒಳಕ್ಕೆ' ಎಂದು. ಇನ್‌ಫ್ಲೇಮಬಲ್ ಎಂದರೆ ಥಟ್ಟನೆ ಬೆಂಕಿ ಹತ್ತುವಂಥದ್ದು. ಡಾಕ್ಟರು ಇನ್‌ಫ್ಲಮೇಶನ್ ಎನ್ನುತ್ತಾರಲ್ಲ, ನಮ್ಮ ಕನ್ನಡದ ಉರಿಯೂತ, ಅದೂ ಇದೇ ಬೇರಿನದು.

ನಾಲ್ಕು ದಿನದ ನಂತರ ಅವನು ಆ ಡ್ರಮ್ಮಿನ ಪಕ್ಕದಲ್ಲೇ ಚಹಾಕ್ಕೆಂದು ಸ್ಟೌ ಹಚ್ಚಿದ. ಡ್ರಮ್ಮಿನ ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಥಿನ್ನರಿನ ಆವಿಗೆ ಬೆಂಕಿ ಹತ್ತಿ ಬಲಗೈ ಮೊಣಕೈತನಕ ಸುಟ್ಟಿತು. ಹತ್ತಿರದಲ್ಲಿದ್ದವರು ಮರಳು ಸುರಿದು ಬೆಂಕಿ ಆರಿಸಿದ್ದರಿಂದ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಅಪ್ಪ, "ಅಲ್ಲಿ ಬರೆದಿತ್ತಂತಲ್ಲೋ, ಓದಬಾರದಿತ್ತೆ?" ಎಂದು ಗದರಿದರು. ಅವನು ನನ್ನ ಕಡೆ ಒಮ್ಮೆ ನೋಡಿದ. "ಓದಿದೆ ಅಪ್ಪ, ಅರ್ಥ ಆಗಲಿಲ್ಲ" ಎಂದ. ಅಷ್ಟೇ. ಅಣ್ಣ ಹೇಳಿದ ಎಂದು ಅಂದೂ ಹೇಳಲಿಲ್ಲ, ಅಪ್ಪ ಇರುವ ತನಕವೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಈ ವಾರ ಇಲ್ಲಿ ಬರೆಯುತ್ತಿದ್ದೇನೆ. ಬರೆಯುವ ಮೊದಲು ಅವನಿಗೆ ಫೋನ್ ಮಾಡಿ ಕೇಳಿದೆ. "ಬರಿ ಅಣ್ಣ, ಮಕ್ಕಳಿಗೆ ಉಪಯೋಗ ಆಗಲಿ" ಎಂದ.

ಈ ಪದದಿಂದ ಮೋಸಹೋದವರು ನಾವಿಬ್ಬರೇ ಅಲ್ಲ. ಅದಕ್ಕೇ ಈಗ ಡ್ರಮ್ಮು, ಟ್ಯಾಂಕರುಗಳ ಮೇಲೆ ಹೆಚ್ಚಾಗಿ ಬರೀ ಫ್ಲೇಮಬಲ್ ಎಂದು ಬರೆದು, ಜ್ವಾಲೆಯ ಚಿತ್ರವನ್ನೂ ಹಾಕುತ್ತಾರೆ. ಎರಡು ಪದಕ್ಕೂ ಅರ್ಥ ಒಂದೇ. ಬೆಂಕಿ ಹತ್ತದ್ದು ನಾನ್-ಫ್ಲೇಮಬಲ್.

ಮೊಮ್ಮಗಳಿಗೆ ನಾನು ಬಾಯಿಮಾತಿನಲ್ಲಿ ಅರ್ಥ ಹೇಳಲಿಲ್ಲ. ನಿಘಂಟು ತಂದು ಅವಳ ಕೈಯಲ್ಲೇ ತೆಗೆಸಿದೆ.

ಮಕ್ಕಳೇ, ಕಾರ್ಖಾನೆಗೆ ಹೋದಾಗ ಗೋಡೆಯ ಮೇಲೆ ಡೇಂಜರ್, ಎಮರ್ಜೆನ್ಸಿ ಸ್ಟಾಪ್, ಎಕ್ಸಿಟ್ ಎಂಬ ಪದಗಳನ್ನು ಮೊದಲು ಹುಡುಕಿ. ಡೇಂಜರ್ ಅಪಾಯ, ಎಮರ್ಜೆನ್ಸಿ ಸ್ಟಾಪ್ ಯಂತ್ರವನ್ನು ತಕ್ಷಣ ನಿಲ್ಲಿಸುವ ಗುಂಡಿ, ಎಕ್ಸಿಟ್ ಹೊರಬಾಗಿಲು. ತಿಳಿಯದ ಪದ ಕಂಡರೆ ಕೇಳಿ, ನಾಚಿಕೆ ಬೇಡ. ಅಜ್ಜ ಅಜ್ಜಿಯರೇ, ನಮ್ಮದೂ ಒಂದು ಪಾಠವಿದೆ. ಮೊಮ್ಮಕ್ಕಳು ಕೇಳಿದ್ದು ಗೊತ್ತಿಲ್ಲದಿದ್ದರೆ "ತಡಿ, ನೋಡಿ ಹೇಳ್ತೀನಿ" ಎನ್ನೋಣ. ಅದರಿಂದ ನಮ್ಮ ಗೌರವವೇನೂ ಕಡಿಮೆಯಾಗುವುದಿಲ್ಲ.

ಈ ವಾರದ ಮನೆಗೆಲಸ: ಇಂಗ್ಲಿಷಿನಲ್ಲಿ ಹಂದಿ, ಹುಳು, ಚಿಟ್ಟೆ ಆಯಿತು. ಕನ್ನಡದಲ್ಲೂ ಪ್ರಾಣಿಯ ಹೆಸರಿರುವ ವಸ್ತುಗಳಿವೆ. ತಂಬೂರಿಯ ತಂತಿಯ ಕೆಳಗಿರುವುದು ಕುದುರೆ, ಬಂದೂಕಿನಲ್ಲಿ ಬೆರಳಿಗೆ ಸಿಗುವುದೂ ಕುದುರೆ. ಅಜ್ಜ ಅಜ್ಜಿಯರನ್ನು ಕೇಳಿ ಇನ್ನೆರಡು ಹುಡುಕಿ ಇಡಿ. ಮುಂದಿನ ವಾರ ನೋಡೋಣ.