ನ್ಯಾಯಪೀಠದಲ್ಲಿ ಅಧಿಕಾರಿಗೇನು ಕೆಲಸ?

ಸುಗ್ಗಿಯ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಕಾರಟಗಿಯ ಎಪಿಎಂಸಿ ಯಾರ್ಡಿನಲ್ಲಿ ನಿಂತು ನೋಡಿ. ಭತ್ತದ ಒಂದು ಚೀಲ 75 ಕಿಲೊ. ಹಮಾಲ ಕೊಕ್ಕೆ ಹಾಕಿ ಎಳೆದು, ಬೆನ್ನಿಗೇರಿಸಿಕೊಂಡು, ಅಲುಗಾಡುವ ಹಲಗೆ ತುಳಿದು ಲಾರಿ ಹತ್ತುತ್ತಾನೆ. ಗಿರಣಿಯೊಳಗೆ ತೌಡಿನ ಧೂಳಲ್ಲಿ ದುಡಿಯುವ ಹೆಣ್ಣುಮಗಳ ಕಣ್ಣಿನ ರೆಪ್ಪೆಯೂ ಬೆಳ್ಳಗಾಗಿರುತ್ತದೆ. ತುಂಗಭದ್ರಾ ಎಡದಂಡೆಯ ಈ ಸೀಮೆ ಭತ್ತದ ಕಣಜವಾದದ್ದು ಬರೀ ಕಾಲುವೆ ನೀರಿನಿಂದಲ್ಲ, ಇವರ ಬೆವರಿನಿಂದ ಕೂಡ. ‘ನಾಳೆಯಿಂದ ಬರಬೇಡ’ ಎಂದು ಒಂದೇ ಮಾತಲ್ಲಿ ಹೊರಗೆ ಹಾಕಿದರೆ ಇವರು ಯಾರ ಬಾಗಿಲು ಬಡಿಯಬೇಕು?

ಬಡಿಯಲು ಒಂದು ಬಾಗಿಲಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕೊಟ್ಟ ಕಾರ್ಮಿಕ ನ್ಯಾಯಾಲಯ. ದೂರದ್ದು, ನಿಧಾನದ್ದು, ವಾಯಿದೆ ಮೇಲೆ ವಾಯಿದೆ, ನಿಜ. ಆದರೆ ಪೀಠದಲ್ಲಿ ಇರುತ್ತಿದ್ದವರು ನ್ಯಾಯಾಧೀಶರು. ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರೂ ನ್ಯಾಯಾಂಗ ಸೇವೆಗೇ ಸೇರಿದವರು ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ನಮ್ಮ ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಕೆಲಸ ಕಳೆದುಕೊಂಡವನು ಸರ್ಕಾರದ ಶಿಫಾರಸಿಗೆ ಕಾಯದೆ ಆರು ತಿಂಗಳೊಳಗೆ ತಾನೇ ಕೋರ್ಟಿಗೆ ಹೋಗಬಹುದು ಎಂದು 1988ರಲ್ಲೇ ತಿದ್ದುಪಡಿ ತಂದಿತ್ತು. ದೇಶಕ್ಕೆಲ್ಲ ಅಂಥ ದಾರಿ ತೆರೆಯಲು ಕೇಂದ್ರಕ್ಕೆ 2010 ಬೇಕಾಯಿತು.

ಅದೆಲ್ಲವನ್ನೂ ಈಗ ಕೆಡವಿದ್ದಾರೆ. ಹಳೇ ಕಾಯ್ದೆಯ ಜಾಗಕ್ಕೆ ತಂದ ಕೈಗಾರಿಕಾ ಸಂಬಂಧಗಳ ಸಂಹಿತೆ 2020ರಲ್ಲಿ ಪಾಸಾಯಿತು. ಐದು ವರ್ಷ ಸುಮ್ಮನಿದ್ದು, 2025ರ ನವೆಂಬರ್ 21ರಂದು ಜಾರಿ ಎಂದು ಘೋಷಿಸಿದರು. ಹಳೇ ಕಾಯ್ದೆ ಬಿತ್ತು, ಹೊಸ ನ್ಯಾಯಮಂಡಳಿ ಎದ್ದಿರಲಿಲ್ಲ. ನಡೆಯುತ್ತಿದ್ದ ಪ್ರಕರಣಗಳ ಗತಿ ಏನು ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಸದ್ಯಕ್ಕೆ ಹಳೇ ಕೋರ್ಟುಗಳೇ ನಡೆಯಲಿ ಎಂದು ಆಮೇಲೆ ಆದೇಶ ಹೊರಡಿಸಬೇಕಾಯಿತು. ಮಳೆಗಾಲದಲ್ಲಿ ಇದ್ದ ಸೂರು ಕಿತ್ತು, ಆಮೇಲೆ ತಗಡು ಹುಡುಕಲು ಹೊರಟವರ ಕೆಲಸ ಇದು. ಐದು ವರ್ಷ ಸಾಲಲಿಲ್ಲವೇ ಇವರಿಗೆ?

ಸಿಟ್ಟು ಬರುವುದು ಬರೀ ಈ ಬೇಜವಾಬ್ದಾರಿಗಲ್ಲ. ಹೊಸ ನ್ಯಾಯಮಂಡಳಿಯಲ್ಲಿ ಇಬ್ಬರು. ಒಬ್ಬರು ನ್ಯಾಯಾಂಗ ಸದಸ್ಯರು, ಇನ್ನೊಬ್ಬರು ಆಡಳಿತ ಸದಸ್ಯರು, ಅಂದರೆ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಹುದ್ದೆ ನಡೆಸಿದ ಅಧಿಕಾರಿ. ವಜಾ, ಮುಷ್ಕರ, ಕಾರ್ಖಾನೆ ಮುಚ್ಚುವಿಕೆಯಂಥ ಪ್ರಕರಣಗಳಿಗೆ ಇಬ್ಬರೂ ಕೂರಬೇಕು. ಮಿಕ್ಕಿದ್ದನ್ನು ಒಬ್ಬರೇ ನಡೆಸಬಹುದು, ಆ ಒಬ್ಬರು ಅಧಿಕಾರಿಯೇ ಆಗಿರಬಹುದು! ಜೀವಮಾನವಿಡೀ ಸರ್ಕಾರದ ಕಡತ ನೋಡಿದವರು, ಮೇಲಿನವರ ಮರ್ಜಿ ಕಾಯ್ದವರು, ಹಮಾಲನ ಪಾಲಿಗೆ ನ್ಯಾಯಾಧೀಶರಾಗುವುದು ಹೇಗೆ? ಸರ್ಕಾರವೇ ಪ್ರತಿವಾದಿಯಾದ ಪ್ರಕರಣ ಬಂದರೆ ಪೀಠದಲ್ಲಿರುವವರು ಯಾರ ಕಡೆಯವರು? ಇನ್ನೂ ಕೇಳಿ: ತಾನೇ ಕಕ್ಷಿಯಾದ ವಿವಾದದಲ್ಲಿ ಬಂದ ತೀರ್ಪನ್ನು ‘ರಾಷ್ಟ್ರದ ಅರ್ಥವ್ಯವಸ್ಥೆ’ಯ ಹೆಸರಿನಲ್ಲಿ ತಡೆಹಿಡಿಯುವ ಅಧಿಕಾರವನ್ನೂ ಸರ್ಕಾರ ಹೊಸ ಸಂಹಿತೆಯಲ್ಲಿ ಉಳಿಸಿಕೊಂಡಿದೆ. ಸೋತವನೇ ತೀರ್ಪು ತಿದ್ದುವ ಪದ್ಧತಿಗೆ ನ್ಯಾಯ ಅಂತ ಹೆಸರಿಡಬೇಡಿ.

ಕೆಲಸ ಕಳೆದುಕೊಂಡವನು ದೂರು ಕೊಡಲು ಕೇಂದ್ರದ 2010ರ ತಿದ್ದುಪಡಿಯಲ್ಲಿ ಮೂರು ವರ್ಷವಿತ್ತು, ಈಗ ಎರಡು. ಹಾಜರಿ ಚೀಟಿ, ಪಗಾರದ ರಸೀದಿ ಕೈಯಲ್ಲಿಲ್ಲದ ಕೂಲಿಯವನಿಗೆ ಆ ಒಂದು ವರ್ಷ ದೊಡ್ಡದು. ಸಾಕ್ಷಿಗೆ ಜೊತೆಗಾರರನ್ನು ಒಪ್ಪಿಸುವಷ್ಟರಲ್ಲೇ ಅದು ಕಳೆದುಹೋಗುತ್ತದೆ, ಅವರೂ ಅದೇ ಗಿರಣಿಯ ಅನ್ನ ತಿನ್ನುವವರು.

ದೆಹಲಿಯ ಮೇಲೆ ಗೂಬೆ ಕೂರಿಸಿ ಬೆಂಗಳೂರು ತಪ್ಪಿಸಿಕೊಳ್ಳುವಂತಿಲ್ಲ. ಅಕ್ಕಿ ಗಿರಣಿಯ ವಿವಾದಕ್ಕೆ ಸಂಬಂಧಪಟ್ಟ ಸರ್ಕಾರ ರಾಜ್ಯ ಸರ್ಕಾರವೇ. ನ್ಯಾಯಮಂಡಳಿ ಎಷ್ಟಿರಬೇಕು, ಎಲ್ಲಿರಬೇಕು ಎಂದು ಅಧಿಸೂಚನೆ ಹೊರಡಿಸುವುದೂ ಅದೇ. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ, ಕಾರಟಗಿಯ ಜನ ಆರಿಸಿ ಕಳಿಸಿದ ಶಿವರಾಜ ತಂಗಡಗಿ ಅವರೇ, ಕೊಪ್ಪಳ ಜಿಲ್ಲೆಯಲ್ಲೇ ನ್ಯಾಯಮಂಡಳಿ ಕೂರುವಂತೆ ಮಾಡಿ. ಒಬ್ಬರೇ ನಡೆಸುವ ಪ್ರಕರಣಗಳು ನ್ಯಾಯಾಂಗ ಸದಸ್ಯರ ಮುಂದೆಯೇ ಬರಲಿ. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವನ ಅಹವಾಲನ್ನು ನ್ಯಾಯಾಧೀಶರು ಕೇಳಲಿ.